ಸ್ಕೆಲ್ಲಿಗ್ ಮೈಕೆಲ್: ಕಡಲ ನಡುವಿನ ಬಿದ್ದ ಚರ್ಚನ್ನು ಸರಿಯಾಗಿ ನೋಡಿಬರೋದು ಹೇಗೆ

ಐರ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕೆರ್ರಿ ಕೌಂಟಿ ಇದೆ. ಅದರ ಕರಾವಳಿಯಿಂದ ಸುಮಾರು 12 ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ಸಮುದ್ರದಿಂದ ನೇರ ಮೇಲೆದ್ದಿರುವ ಒಂದು ಬಂಡೆ ದ್ವೀಪವೇ ಸ್ಕೆಲ್ಲಿಗ್ ಮೈಕೆಲ್. ಎತ್ತರ 218 ಮೀಟರ್. ಮರ ಇಲ್ಲ, ಮನೆ ಇಲ್ಲ, ಅಂಗಡಿ ಇಲ್ಲ. ತುದಿಯ ಹತ್ತಿರ, ಸಮುದ್ರದಿಂದ ಸುಮಾರು 180 ಮೀಟರ್ ಮೇಲೆ, ಸಾವಿರ ವರ್ಷಕ್ಕೂ ಹಿಂದೆ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಮಠ ಇನ್ನೂ ನಿಂತಿದೆ. 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಪಫಿನ್ ಹಕ್ಕಿಗಾಗಿ ಬರುತ್ತಾರೆ, ಇಲ್ಲಾ ಸಿನಿಮಾದಲ್ಲಿ ನೋಡಿದ ಜಾಗ ಅಂತ ಬರುತ್ತಾರೆ. ಮೇಲೆ ಹತ್ತಿದವರು ಜೇನುಗೂಡಿನ ಆಕಾರದ ಕಲ್ಲು ಗುಡಿಸಲುಗಳ ಫೋಟೋ ತೆಗೆದು ಇಳಿದುಬಿಡುತ್ತಾರೆ. ಅದೇ ಅಂಗಳದ ನಡುವೆ ಮುರಿದು ಬಿದ್ದಿರುವ ಸೇಂಟ್ ಮೈಕೆಲ್ ಚರ್ಚನ್ನು ಯಾರೂ ಎರಡು ನಿಮಿಷ ನಿಂತು ನೋಡೋದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕಂದ್ರೆ ಆ ಚರ್ಚು ಯಾಕೆ ಬಿತ್ತು, ಪಕ್ಕದ ಗುಡಿಸಲು ಯಾಕೆ ಬೀಳಲಿಲ್ಲ ಅನ್ನೋದು ಒಂದು ಸಲ ಕಣ್ಣಿಗೆ ಬಿದ್ದರೆ ಇಡೀ ದ್ವೀಪ ಬೇರೆ ಥರ ಕಾಣೋಕೆ ಶುರುವಾಗುತ್ತದೆ. ಆದ್ದರಿಂದ ಹೋಗೋದು ಹೇಗೆ ಅನ್ನೋದರ ಜೊತೆಗೆ, ಹೋದಮೇಲೆ ನೋಡೋದು ಹೇಗೆ ಅಂತಲೂ ಬರೆಯುತ್ತಿದ್ದೇನೆ.

ಮೊದಲು ವೀಸಾ, ಆಮೇಲೆ ದೋಣಿ

ಭಾರತದಿಂದ ಬರುವವರು ಒಂದು ವಿಷಯ ಗಮನಿಸಿ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಷೆಂಗೆನ್ ಗುಂಪಿನಲ್ಲಿ ಇಲ್ಲ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಸುತ್ತೋಕೆ ತೆಗೆದುಕೊಂಡ ಷೆಂಗೆನ್ ವೀಸಾ ಇಲ್ಲಿ ನಡೆಯೋದಿಲ್ಲ. ಬೇರೆ ವೀಸಾ ಬೇಕು. ಬ್ರಿಟನ್ನಿಗೆ ಬರುವ ಭಾರತೀಯರಿಗೆ ಕೆಲವು ಬಗೆಯ ಪ್ರವಾಸಿ ವೀಸಾದಲ್ಲಿ ಐರ್ಲೆಂಡಿಗೂ ಬರುವ ಅನುಕೂಲ ಇದೆ, ನಿಮ್ಮ ವೀಸಾದ ಮೇಲೆ ಆ ಗುರುತು ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಡಬ್ಲಿನ್ನಿನಲ್ಲೋ ಕಾರ್ಕ್‌ನಲ್ಲೋ ಕೆಲಸಕ್ಕೆ ಇರುವ ನಮ್ಮವರಿಗೆ ಈ ತಲೆನೋವಿಲ್ಲ.

ದೋಣಿಗಳು ಹೆಚ್ಚಾಗಿ ಹೊರಡೋದು ಪೋರ್ಟ್‌ಮಗೀ ಅನ್ನೋ ಪುಟ್ಟ ಮೀನುಗಾರರ ಊರಿನಿಂದ. ಬ್ಯಾಲಿನ್‌ಸ್ಕೆಲ್ಲಿಗ್ಸ್, ಡೆರಿನೇನ್ ಕಡೆಯಿಂದಲೂ ಕೆಲವು ಇವೆ. ಡಬ್ಲಿನ್ನಿಂದ ಕಾರಿನಲ್ಲಿ ಬಂದರೆ ಹೆಚ್ಚುಕಮ್ಮಿ ಐದು ಗಂಟೆ, ಕೊನೆಯ ಭಾಗದ ರಸ್ತೆ ತುಂಬಾ ಕಿರಿದು, ತಿರುವುಗಳೂ ಜಾಸ್ತಿ. ಬೆಳಿಗ್ಗೆಯೇ ದೋಣಿ ಹೊರಡೋದರಿಂದ ಹಿಂದಿನ ರಾತ್ರಿ ಅಲ್ಲೇ ಸುತ್ತಮುತ್ತ ಉಳಿಯೋದು ಒಳ್ಳೆಯದು. ಕಾರಿಲ್ಲದವರು ಕಿಲಾರ್ನಿವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ಕಾಹರ್‌ಸಿವೀನ್‌ಗೆ ಬರಬಹುದು. ಅದಾದಮೇಲೆ ಟ್ಯಾಕ್ಸಿಯೇ ಗತಿ.

ದ್ವೀಪದ ಮೇಲೆ ಇಳಿಯೋಕೆ ಅವಕಾಶ ಇರೋದು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಪರವಾನಗಿ ಇರುವ ದೋಣಿಗಳು ಕೆಲವೇ ಕೆಲವು, ಒಂದೊಂದರಲ್ಲಿ 12 ಜನ, ಒಟ್ಟು ದಿನಕ್ಕೆ ಸುಮಾರು 180 ಮಂದಿ. ಆದ್ದರಿಂದ ಟಿಕೆಟ್ ತಿಂಗಳುಗಳ ಮೊದಲೇ ಖಾಲಿಯಾಗುತ್ತದೆ. ಬೇಸಿಗೆ ರಜೆಗೆ ಹೋಗಬೇಕು ಅಂತಿದ್ದರೆ ಚಳಿಗಾಲದಲ್ಲೇ ದೋಣಿಯವರ ವೆಬ್‌ಸೈಟ್ ನೋಡುತ್ತಾ ಇರಿ. ದರ ಒಬ್ಬರಿಗೆ 100 ಯೂರೊ ದಾಟುತ್ತದೆ. ಬುಕ್ ಮಾಡುವಾಗ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ: ಇದು ಇಳಿಸುವ ಪ್ರವಾಸವಾ, ಅಥವಾ ಸುಮ್ನೆ ದ್ವೀಪದ ಸುತ್ತ ಒಂದು ಸುತ್ತು ಹಾಕಿಸಿ ವಾಪಸ್ ಕರೆತರುವ ಪ್ರವಾಸವಾ? ಎರಡನೆಯದು ಅಗ್ಗ, ಹಕ್ಕಿ ನೋಡೋಕೆ ಚೆನ್ನಾಗಿದೆ, ಆದರೆ ಅದರಲ್ಲಿ ಚರ್ಚನ್ನು ನೋಡೋಕೆ ಆಗೋದೇ ಇಲ್ಲ.

ಟಿಕೆಟ್ ಇದೆ ಅಂದಮಾತ್ರಕ್ಕೆ ದೋಣಿ ಹೊರಟೇ ಹೊರಡುತ್ತದೆ ಅಂತಲ್ಲ. ಮಳೆ ಬಂದರೂ ಹೋಗುತ್ತಾರೆ, ಬಿಸಿಲಿದ್ದರೂ ಹೋಗದೆ ಇರುತ್ತಾರೆ. ಅವರು ನೋಡೋದು ಅಲೆಯ ಎತ್ತರವನ್ನ. ದೂರದ ಸಮುದ್ರದಲ್ಲಿ ಎದ್ದ ಬಿರುಗಾಳಿಯ ಅಲೆ ಎರಡು ದಿನ ಬಿಟ್ಟು ಇಲ್ಲಿಗೆ ಬಂದು ಬಡಿಯಬಹುದು, ಆಗ ಆಕಾಶ ತಿಳಿಯಾಗಿದ್ದರೂ ದ್ವೀಪದ ಕಟ್ಟೆಗೆ ದೋಣಿ ತಾಗಿಸೋಕೆ ಆಗೋದಿಲ್ಲ. ತೀರ್ಮಾನ ಅವತ್ತಿನ ಬೆಳಿಗ್ಗೆ ಅಥವಾ ಹಿಂದಿನ ಸಂಜೆ ಗೊತ್ತಾಗುತ್ತದೆ. ದೋಣಿ ನಡೆಸುವವರ ಮಾತೇ ಕೊನೆ, ಅವರ ಹತ್ತಿರ ವಾದ ಮಾಡಬೇಡಿ. ಕೆರ್ರಿಯಲ್ಲಿ ಎರಡು ಮೂರು ದಿನ ಬಿಡುವು ಇಟ್ಟುಕೊಂಡೇ ಬನ್ನಿ, ಮಾರನೇ ದಿನವೇ ಬೆಂಗಳೂರಿನ ವಿಮಾನ ಇರೋ ಹಾಗೆ ಯೋಜನೆ ಹಾಕಬೇಡಿ.

ಏನು ತರಬೇಕು

ಹಿಡಿತ ಚೆನ್ನಾಗಿರುವ ಶೂ. ಇದೊಂದರಲ್ಲಿ ರಾಜಿ ಬೇಡ, ಚಪ್ಪಲಿಯಲ್ಲಿ ಬಂದರೆ ದೋಣಿ ಹತ್ತಿಸಿಕೊಳ್ಳದೆ ಇರಬಹುದು. ನೀರು ಒಳಗಿಳಿಯದ ಜಾಕೆಟ್ ಮತ್ತು ಪ್ಯಾಂಟು, ಒಳಗೊಂದು ಸ್ವೆಟರ್. ಜುಲೈ ತಿಂಗಳಾದರೂ ಬೇಕು. ಸೀರೆ, ಉದ್ದದ ದುಪಟ್ಟಾ ಬೇಡವೇ ಬೇಡ, ಅಲ್ಲಿನ ಗಾಳಿ ಬಟ್ಟೆಯನ್ನು ಎಳೆದು ಕಾಲಿಗೆ ಸುತ್ತಿಬಿಡುತ್ತದೆ. ಸಾಮಾನನ್ನೆಲ್ಲ ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ ತನ್ನಿ, ಎರಡೂ ಕೈ ಖಾಲಿ ಇರಲೇಬೇಕು.

ದೋಣಿ ಚಿಕ್ಕದು, ದಾರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕುಲುಕಾಟ ಜಾಸ್ತಿ. ಬಸ್ಸಿನಲ್ಲಿ ವಾಂತಿ ಬರುವವರು ಡಾಕ್ಟರನ್ನೋ ಫಾರ್ಮಸಿಯವರನ್ನೋ ಕೇಳಿ ಮಾತ್ರೆ ತೆಗೆದುಕೊಳ್ಳಿ, ಅದನ್ನು ಹೊರಡುವ ಮೊದಲೇ ನುಂಗಬೇಕು, ವಾಕರಿಕೆ ಶುರುವಾದ ಮೇಲೆ ಅಲ್ಲ. ಖಾಲಿ ಹೊಟ್ಟೆಯಲ್ಲೂ ಬೇಡ, ಗಡದ್ದಾಗಿ ತಿಂದೂ ಬೇಡ. ಕುಡಿಯುವ ನೀರು, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಏನಾದರೂ ಜೊತೆಗಿರಲಿ, ಚಪಾತಿ ರೋಲ್ ಆದರೆ ಸುಲಭ. ದ್ವೀಪದಲ್ಲಿ ಶೌಚಾಲಯ ಇಲ್ಲ, ಮಳೆ ಬಂದರೆ ನಿಲ್ಲೋಕೆ ಸೂರಿಲ್ಲ, ಕಸದ ಬುಟ್ಟಿಯೂ ಇಲ್ಲ. ಹೊರಡುವ ಮುಂಚೆ ಬಂದರಿನಲ್ಲೇ ಶೌಚಕ್ಕೆ ಹೋಗಿಬನ್ನಿ, ಕಸ ವಾಪಸ್ ತನ್ನಿ. 12 ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕ ಜಾಗವಲ್ಲ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದಿದ್ದರೆ ಅವರಿಗೆ ಸುತ್ತು ಹಾಕಿಸುವ ದೋಣಿ ಟಿಕೆಟ್ ತೆಗೆಸಿ, ಅದೂ ಒಳ್ಳೆಯ ಅನುಭವವೇ.

ಇಳಿಯೋದು, ಹತ್ತೋದು

ಹೋಗುವಾಗ ದಾರಿಯಲ್ಲಿ ಚಿಕ್ಕ ಸ್ಕೆಲ್ಲಿಗ್ ಸಿಗುತ್ತದೆ. ದೂರದಿಂದ ಹಿಮ ಬಿದ್ದ ಹಾಗೆ ಬೆಳ್ಳಗೆ ಕಾಣುವ ಬಂಡೆ. ಅದು ಹಿಮವಲ್ಲ, ಗ್ಯಾನೆಟ್ ಅನ್ನೋ ದೊಡ್ಡ ಕಡಲ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ. ಸಾವಿರಾರು ಜೋಡಿಗಳು ಅಲ್ಲಿ ಗೂಡು ಕಟ್ಟುತ್ತವೆ, ಜಗತ್ತಿನ ದೊಡ್ಡ ಗ್ಯಾನೆಟ್ ನೆಲೆಗಳಲ್ಲಿ ಅದೂ ಒಂದು. ಅದರ ಮೇಲೆ ಯಾರೂ ಇಳಿಯುವಂತಿಲ್ಲ.

ದೊಡ್ಡ ದ್ವೀಪದಲ್ಲಿ ಇಳಿಯುವ ಜಾಗದ ಹೆಸರು ಬ್ಲೈಂಡ್ ಮ್ಯಾನ್ಸ್ ಕೋವ್. ದೋಣಿ ಅಲೆಯ ಜೊತೆ ಮೇಲೆ ಕೆಳಗೆ ಹೋಗುತ್ತಿರುತ್ತದೆ. ದೋಣಿಯವರು ಹೇಳಿದ ಕ್ಷಣಕ್ಕೆ ಹೆಜ್ಜೆ ಇಡಬೇಕು, ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಕಟ್ಟೆಯ ಕೆಳಗಿನ ಮೆಟ್ಟಿಲುಗಳ ಮೇಲೆ ಪಾಚಿ ಇರುತ್ತದೆ, ಕೈ ಕೊಟ್ಟರೆ ಹಿಡಿದುಕೊಳ್ಳಿ, ಸಂಕೋಚ ಬೇಡ.

ಅಲ್ಲಿಂದ ಲೈಟ್‌ಹೌಸಿಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ನಡೆದರೆ ಮೆಟ್ಟಿಲುಗಳ ಬುಡ. ಅಲ್ಲಿ ಸರ್ಕಾರದ ಕಡೆಯ ಗೈಡುಗಳು ಎಚ್ಚರಿಕೆಯ ಮಾತು ಹೇಳುತ್ತಾರೆ, ಕಿವಿಗೊಟ್ಟು ಕೇಳಿ. 2009ರಲ್ಲಿ ಇಬ್ಬರು ಪ್ರವಾಸಿಗರು ಇಲ್ಲಿ ಬಿದ್ದು ಸತ್ತಿದ್ದಾರೆ. ಮೆಟ್ಟಿಲು 600ಕ್ಕೂ ಜಾಸ್ತಿ, ಎಲ್ಲವೂ ಸನ್ಯಾಸಿಗಳ ಕಾಲದಿಂದ ಬಂದ ಕಲ್ಲು ಚಪ್ಪಡಿಗಳು. ಒಂದು ಗೇಣೆತ್ತರ, ಇನ್ನೊಂದು ಮೊಳದೆತ್ತರ, ಒಂದು ವಾಲಿದೆ, ಇನ್ನೊಂದು ಸವೆದಿದೆ. ಹೆಚ್ಚಿನ ಕಡೆ ಹಿಡಿಯೋಕೆ ಕಂಬಿ ಇಲ್ಲ. ನಿಧಾನವಾಗಿ ಹತ್ತಿ. ಫೋಟೋ ಬೇಕಾದರೆ ನಿಂತು, ಎರಡೂ ಕಾಲು ಗಟ್ಟಿಯಾಗಿ ಊರಿ ತೆಗೆಯಿರಿ. ಇಳಿಯುವಾಗ ಭಯವಾದರೆ ಕೂತು ಕೂತು ಇಳಿಯಿರಿ, ಎಷ್ಟೋ ಜನ ಹಾಗೇ ಇಳಿಯುತ್ತಾರೆ.

ಅರ್ಧಕ್ಕಿಂತ ಮೇಲೆ ಕ್ರೈಸ್ಟ್ಸ್ ಸ್ಯಾಡಲ್ ಅನ್ನೋ ಹಸಿರು ತಗ್ಗು ಬರುತ್ತದೆ, ಎರಡು ಶಿಖರಗಳ ನಡುವಿನ ಜಾಗ. ಅಲ್ಲಿ ಕೂತು ಉಸಿರು ತೆಗೆದುಕೊಳ್ಳಿ. ಎದುರಿನ ದಕ್ಷಿಣ ಶಿಖರದ ಮೇಲೆ ಒಬ್ಬಂಟಿ ಸನ್ಯಾಸಿಯ ನೆಲೆ ಇದೆ, ಅಲ್ಲಿಗೆ ಹೋಗೋಕೆ ಬಿಡೋದಿಲ್ಲ.

ಸಮಯದ ಲೆಕ್ಕ ಮಾತ್ರ ಮರೆಯಬೇಡಿ. ದ್ವೀಪದಲ್ಲಿ ಸಿಗೋದು ಸುಮಾರು ಎರಡೂವರೆ ಗಂಟೆ. ಏಪ್ರಿಲ್‌ನಿಂದ ಆಗಸ್ಟ್ ಮೊದಲ ವಾರದವರೆಗೆ ಪಫಿನ್‌ಗಳು ಮೆಟ್ಟಿಲ ಪಕ್ಕದಲ್ಲೇ ನಿಂತಿರುತ್ತವೆ, ಕೈಗೆಟುಕುವಷ್ಟು ಹತ್ತಿರ, ಬಣ್ಣದ ಕೊಕ್ಕು, ಗಂಭೀರ ಮುಖ. ಅಲ್ಲೇ ನಿಂತವರಿಗೆ ಅರ್ಧ ಗಂಟೆ ಕಳೆದದ್ದೇ ಗೊತ್ತಾಗೋದಿಲ್ಲ. ಅದಕ್ಕೆ ನನ್ನ ಸಲಹೆ ಇಷ್ಟೇ: ಹತ್ತುವಾಗ ಹಕ್ಕಿಗೆ ನಿಲ್ಲಬೇಡಿ, ನೇರ ಮೇಲೆ ಹೋಗಿ, ಮಠದಲ್ಲಿ ಒಂದು ಗಂಟೆ ಪೂರ್ತಿ ಇರಿ, ಪಫಿನ್‌ಗಳನ್ನು ಇಳಿಯುವಾಗ ನೋಡಿ. ಅವು ಎಲ್ಲೂ ಹೋಗೋದಿಲ್ಲ.

ಒಳಗೆ ಹೋದಮೇಲೆ

ತಡೆಗೋಡೆಯ ನಡುವಿನ ತಗ್ಗು ಬಾಗಿಲು ದಾಟಿದರೆ ಮಠದ ಅಂಗಳ. ಇಲ್ಲಿ ಸಮತಟ್ಟಾದ ನೆಲ ಅನ್ನೋದೇ ಇರಲಿಲ್ಲ. ಇಳಿಜಾರಿಗೆ ಅಡ್ಡವಾಗಿ ಎತ್ತರದ ಕಲ್ಲುಗೋಡೆ ಕಟ್ಟಿ, ಹಿಂದೆ ಕಲ್ಲು ಮಣ್ಣು ತುಂಬಿ, ಮೊದಲು ನೆಲವನ್ನೇ ತಯಾರು ಮಾಡಿದರು, ಆಮೇಲೆ ಅದರ ಮೇಲೆ ಕಟ್ಟಿದರು. ಈ ತಡೆಗೋಡೆಗಳಲ್ಲಿ ಕೆಲವು ಭಾಗ ಇತ್ತೀಚಿನ ದಶಕಗಳಲ್ಲಿ ರಿಪೇರಿ ಮಾಡಿದ್ದು, ಯಾವುದು ಹಳೆಯದು ಅಂತ ಗೈಡನ್ನು ಕೇಳಿ. ಆರು ಗುಡಿಸಲು, ಎರಡು ಸಣ್ಣ ಪ್ರಾರ್ಥನಾ ಕೋಣೆ, ಶಿಲುಬೆ ಕೆತ್ತಿದ ಕಲ್ಲುಗಳು, ಪುಟ್ಟ ಸ್ಮಶಾನ, ಮಳೆ ನೀರು ಕೂಡಿಡುವ ತೊಟ್ಟಿ, ತರಕಾರಿ ಬೆಳೆಯುತ್ತಿದ್ದ ಹಿತ್ತಿಲು. ಒಂದು ಕಾಲಕ್ಕೆ ಹನ್ನೆರಡು ಸನ್ಯಾಸಿಗಳು, ಅವರಿಗೊಬ್ಬ ಹಿರಿಯ, ಇಷ್ಟೇ ಜನ ಇದ್ದಿರಬೇಕು ಅನ್ನೋದು ತಿಳಿದವರ ಅಂದಾಜು. ಮೀನು, ಕಡಲ ಹಕ್ಕಿ, ಮೊಟ್ಟೆ, ಹಿತ್ತಿಲ ಸೊಪ್ಪು, ಅವರ ಊಟ ಇಷ್ಟೇ.

ಎಲ್ಲರೂ ಗುಡಿಸಲ ಕಡೆ ಓಡುತ್ತಾರೆ. ನೀವೂ ಮೊದಲು ಅಲ್ಲಿಗೇ ಹೋಗಿ, ಚರ್ಚು ಅರ್ಥವಾಗೋಕೆ ಅದು ಬೇಕು. ಒಂದು ಗುಡಿಸಲ ಒಳಗೆ ಬಗ್ಗಿ ಹೋಗಿ, ಕಣ್ಣು ಕತ್ತಲಿಗೆ ಒಗ್ಗಲಿ, ಆಮೇಲೆ ತಲೆ ಎತ್ತಿ. ಹೊರಗಿನಿಂದ ಗುಂಡಗಿದ್ದದ್ದು ಒಳಗೆ ಚೌಕ. ಪ್ರತಿ ಸಾಲಿನ ಚಪ್ಪಡಿ ಕೆಳಗಿನ ಸಾಲಿಗಿಂತ ಒಂದಿಷ್ಟು ಒಳಗೆ ಚಾಚಿಕೊಂಡಿದೆ. ಹಾಗೇ ಚಾಚುತ್ತಾ ಚಾಚುತ್ತಾ ಮೇಲೆ ಎಲ್ಲ ಒಂದಾಗಿ ಮುಚ್ಚಿಕೊಂಡಿದೆ. ಗಾರೆ ಇಲ್ಲ. ಮರ ಇಲ್ಲ. ಗೋಡೆ ಬೇರೆ, ಮಾಡು (ಚಾವಣಿ) ಬೇರೆ ಅನ್ನೋದೂ ಇಲ್ಲ. ಮೇಲಿನ ಕಲ್ಲಿನ ಭಾರವೇ ಕೆಳಗಿನ ಕಲ್ಲನ್ನು ಹಿಡಿದಿಟ್ಟಿದೆ. ಗೋಡೆಯಲ್ಲಿ ಸಾಮಾನಿಡೋಕೆ ಸಣ್ಣ ಗೂಡುಗಳಿವೆ, ನಮ್ಮ ಹಳೇ ಮನೆಗಳ ಗೋಡೆಗೂಡಿನ ಹಾಗೇ. ಇಲ್ಲಿನ ಮರಳುಗಲ್ಲು ತಾನಾಗಿಯೇ ಚಪ್ಪಟೆ ಹಲಗೆಯಾಗಿ ಸೀಳುತ್ತದೆ, ಅದಿಲ್ಲದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ.

ಈಗ ಹೊರಗೆ ಬಂದು ಚರ್ಚಿನ ಮುಂದೆ ನಿಲ್ಲಿ.

ಸೇಂಟ್ ಮೈಕೆಲ್ ಚರ್ಚನ್ನು ಕಟ್ಟಿದ್ದು 10ನೇ ಶತಮಾನದ ಕೊನೆಗೆ ಅಥವಾ 11ನೇ ಶತಮಾನದ ಮೊದಲಿಗೆ. ಗುಡಿಸಲುಗಳ ಥರ ಅಲ್ಲವೇ ಅಲ್ಲ. ಉದ್ದ ಚೌಕದ ಕಟ್ಟಡ, ನೇರ ನಿಂತ ಗೋಡೆ, ಮೇಲೆ ಮರದ ಮಾಡು ಇತ್ತು. ಕಲ್ಲು ಕೂರಿಸಿದ್ದು ಸುಣ್ಣದ ಗಾರೆಯಲ್ಲಿ. ಈ ದ್ವೀಪದಲ್ಲಿ ಸುಣ್ಣದ ಕಲ್ಲು ಇಲ್ಲ, ಮಾಡಿಗೆ ತಕ್ಕ ಮರವೂ ಇಲ್ಲ. ಎರಡನ್ನೂ ದಡದಿಂದ ದೋಣಿಯಲ್ಲಿ ಹೇರಿಕೊಂಡು, ನೀವು ಈಗಷ್ಟೇ ಏದುಸಿರು ಬಿಟ್ಟು ಹತ್ತಿದಂಥ ಮೆಟ್ಟಿಲ ಮೇಲೆ ಹೊತ್ತು ತಂದಿರಬೇಕು. ಅಂದರೆ ಇದು ಅವರು ಬಡತನದಲ್ಲಿ ಮಾಡಿದ ಕಟ್ಟಡವಲ್ಲ, ಇದ್ದದ್ದರಲ್ಲಿ ಅತಿ ದುಬಾರಿಯಾದ, ಆ ಕಾಲದ ಹೊಸ ರೀತಿಯ ಕಟ್ಟಡ. ಅದೇ ಬಿತ್ತು.

ಯಾಕೆ ಅಂತ ನೋಡಿ. ಗುಡಿಸಲಿಗೆ ಕೊಳೆಯುವ ಭಾಗವೇ ಇಲ್ಲ. ಚರ್ಚಿಗೆ ಇತ್ತು. ನೋಡಿಕೊಳ್ಳುವವರು ಇಲ್ಲದಿದ್ದರೆ ಮರದ ಮಾಡು ಹೋಗುತ್ತದೆ. ಮಾಡು ಹೋದರೆ ಮಳೆ ನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತದೆ, ಸುಣ್ಣ ಕರಗಿ ಉದುರುತ್ತದೆ. ಗಾರೆಯನ್ನು ನಂಬಿ ನೇರ ನಿಂತಿದ್ದ ಗೋಡೆಗೆ ಆಮೇಲೆ ಹಿಡಿತ ಇರೋದಿಲ್ಲ. ಉಪ್ಪು ಗಾಳಿ ಮಿಕ್ಕ ಕೆಲಸ ಮುಗಿಸುತ್ತದೆ. ಗೋಡೆಯ ಬುಡದ ಸಾಲುಗಳ ಹತ್ತಿರ ಬಗ್ಗಿ, ಕಲ್ಲು ಕಲ್ಲಿನ ಸಂದಿಯನ್ನು ನೋಡಿ. ಗುಡಿಸಲಲ್ಲಿ ಕಲ್ಲಿಗೆ ಕಲ್ಲು ತಾಗಿ ಕೂತಿತ್ತು, ಇಲ್ಲಿ ಹಾಗಲ್ಲ. ಸಂದಿಯೊಳಗೆ ಬೆರಳು ಹಾಕಿ ಕೆದಕಬೇಡಿ, ಕಣ್ಣಲ್ಲೇ ನೋಡಿ.

ಇವತ್ತು ಎದ್ದು ಕಾಣುವ ಭಾಗ ಪೂರ್ವದ ಕಿಟಕಿ. ಸುತ್ತಲಿನ ಗೋಡೆ ಕುಸಿದಿದ್ದರೂ ಅದೊಂದು ನಿಂತಿದೆ. ಹಳೇ ಚರ್ಚುಗಳಲ್ಲಿ ಬಲಿಪೀಠ ಇರೋದು ಪೂರ್ವಕ್ಕೆ, ಬೆಳಗಿನ ಪೂಜೆಗೆ ಬೆಳಕು ಅಲ್ಲಿಂದಲೇ ಬರಬೇಕು. ಹಾಗಾಗಿ ಕಿಟಕಿ ಸಿಕ್ಕಿತು ಅಂದರೆ ಇಡೀ ಚರ್ಚು ಸಿಕ್ಕಿತು. ಅದರ ಕೆಳಗೆ ಪೀಠ, ಅದಕ್ಕೆ ಎದುರಾಗಿ ಜನ. ಕಿಟಕಿಗೆ ಮುಖ ಮಾಡಿ ಗೋಡೆಯ ಗೆರೆಯನ್ನು ಕಣ್ಣಲ್ಲೇ ಸುತ್ತಿ ಬನ್ನಿ, ಎಷ್ಟು ಸಣ್ಣ ಜಾಗ ಅಂತ ಗೊತ್ತಾಗುತ್ತದೆ. ಆಮೇಲೆ ಪಕ್ಕದ ಪ್ರಾರ್ಥನಾ ಕೋಣೆಯನ್ನು ಇದರ ಜೊತೆ ಹೋಲಿಸಿ. ದೊಡ್ಡದು ಅನ್ನಿಸಿಕೊಂಡ ಕೋಣೆಯೇ ಸುಮಾರು 3.6 ಮೀಟರ್ ಉದ್ದ, 2.4 ಮೀಟರ್ ಅಗಲ. ಅಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲೋದೇ ಕಷ್ಟ. ಚರ್ಚು ಯಾಕೆ ಬೇಕಾಯಿತು ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗನ್ನಿಸುತ್ತದೆ.

ಹೆಸರಿನ ವಿಷಯವೂ ಇಲ್ಲೇ ಬರುತ್ತದೆ. ಎತ್ತರದ ಜಾಗಗಳನ್ನು ದೇವದೂತ ಮೈಕೆಲನಿಗೆ ಒಪ್ಪಿಸುವ ರೂಢಿ ಯುರೋಪಿನಲ್ಲಿ ಹಲವು ಕಡೆ ಇತ್ತು. ಐರಿಶ್ ವಾರ್ಷಿಕ ದಾಖಲೆಗಳಲ್ಲಿ 1044ರ ಹೊತ್ತಿಗೆ ಈ ಬಂಡೆಯ ಹೆಸರಿನ ಜೊತೆ ಮೈಕೆಲ್ ಸೇರಿಕೊಂಡಿದೆ. ಅಂದರೆ ಈ ಚರ್ಚು ಎದ್ದ ಕಾಲಕ್ಕೇ ಹೆಸರೂ ಬಂದಿರಬಹುದು. ಅದಕ್ಕೂ ಮುಂಚೆಯೇ ಮಠ ಇತ್ತು. 823ರ ಸುಮಾರಿಗೆ ವೈಕಿಂಗರು ಇಲ್ಲಿಗೆ ಬಂದು ಎಟ್ಗಾಲ್ ಅನ್ನೋ ಸನ್ಯಾಸಿಯನ್ನು ಹಿಡಿದುಕೊಂಡು ಹೋದರು, ಅವನು ಹಸಿವಿನಿಂದ ಸತ್ತ ಅಂತ ದಾಖಲೆ ಇದೆ. ದೋಚೋಕೆ ಈ ಬಂಡೆಯ ಮೇಲೆ ಏನಿತ್ತು ಅಂತ ಅಲ್ಲಿ ನಿಂತಾಗ ಯೋಚನೆ ಬಂದೇ ಬರುತ್ತದೆ. 12, 13ನೇ ಶತಮಾನದ ಹೊತ್ತಿಗೆ ಸನ್ಯಾಸಿಗಳು ದ್ವೀಪ ಬಿಟ್ಟು ದಡದ ಬ್ಯಾಲಿನ್‌ಸ್ಕೆಲ್ಲಿಗ್ಸ್‌ಗೆ ಹೋಗಿಬಿಟ್ಟರು. ಮಾಡನ್ನು ರಿಪೇರಿ ಮಾಡೋಕೆ ಆಮೇಲೆ ಅಲ್ಲಿ ನೆಲೆಸಿದವರು ಯಾರೂ ಇರಲಿಲ್ಲ. ಯಾತ್ರಿಕರು ಮಾತ್ರ ಬರುತ್ತಾ ಇದ್ದರು.

ಚರ್ಚಿನೊಳಗೆ ಒಂದು ಸಮಾಧಿ ಕಲ್ಲು ಇದೆ, ಸನ್ಯಾಸಿಗಳದ್ದಲ್ಲ. 1820ರ ದಶಕದಲ್ಲಿ ಇಲ್ಲಿ ಲೈಟ್‌ಹೌಸ್ ಕಟ್ಟಿದ ಮೇಲೆ ಅದರ ನೌಕರರು ಸಂಸಾರ ಸಮೇತ ದ್ವೀಪದಲ್ಲಿ ಇರುತ್ತಿದ್ದರು. 19ನೇ ಶತಮಾನದಲ್ಲಿ ಒಬ್ಬ ನೌಕರನ ಇಬ್ಬರು ಚಿಕ್ಕ ಮಕ್ಕಳು ಸತ್ತರು, ಅವರನ್ನು ಈ ಬಿದ್ದ ಚರ್ಚಿನೊಳಗೇ ಹೂಳಿದರು. ಅಷ್ಟು ಹೊತ್ತಿಗೆ ಮಾಡು ಇಲ್ಲ, ಪಾದ್ರಿ ಇಲ್ಲ, ಆದರೂ ಆ ಅಪ್ಪ ಅಮ್ಮನಿಗೆ ಅದು ಚರ್ಚೇ ಆಗಿತ್ತು. ಅಲ್ಲಿ ಕಾಲಿಡುವಾಗ ಆ ಸಮಾಧಿ ಕಲ್ಲಿನ ಮೇಲೆ ತುಳಿಯದ ಹಾಗೆ ನೋಡಿಕೊಳ್ಳಿ.

ಕೈ ಎಲ್ಲಿಡಬಾರದು

ಈ ಗೋಡೆಗಳ ಸಂದಿಯಲ್ಲಿ ಸ್ಟಾರ್ಮ್ ಪೆಟ್ರೆಲ್ ಅನ್ನೋ ಪುಟ್ಟ ಕಡಲ ಹಕ್ಕಿಗಳು ಗೂಡು ಮಾಡುತ್ತವೆ. ಬೆಳೆದ ಹಕ್ಕಿಗಳು ಹೊರಗೆ ಬರೋದು ಹೋಗೋದು ಎಲ್ಲ ರಾತ್ರಿ, ಹಗಲಲ್ಲಿ ಕಾಣೋದಿಲ್ಲ, ಆದರೆ ಒಳಗೆ ಇರುತ್ತವೆ. ಅದಕ್ಕೇ ಗೋಡೆ ಹತ್ತಬೇಡಿ, ಒರಗಬೇಡಿ, ಸಡಿಲ ಕಲ್ಲನ್ನು ಎತ್ತಿ ಬೇರೆ ಕಡೆ ಇಡಬೇಡಿ. ಕಲ್ಲಿನ ಮೇಲೆ ಕಲ್ಲಿಟ್ಟು ಹರಕೆ ಗೋಪುರ ಮಾಡೋದಂತೂ ಬೇಡವೇ ಬೇಡ. ದಾರಿ ಬಿಟ್ಟು ಹುಲ್ಲಿನ ಮೇಲೆ ಹೋಗಬೇಡಿ, ಕೆಳಗೆ ಪಫಿನ್‌ಗಳ ಬಿಲ ಇರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ನಿಮ್ಮ ಕಾಲೂ ಉಳುಕುತ್ತದೆ, ಮರಿಯೂ ಹೋಗುತ್ತದೆ.

ದೋಣಿ ಹೊರಡದಿದ್ದರೆ

ಆ ದಿನವನ್ನು ಹೋಟೆಲಿನಲ್ಲಿ ಕಳೆಯಬೇಡಿ. ಪೋರ್ಟ್‌ಮಗೀ ಸೇತುವೆ ದಾಟಿದರೆ ವಲೆನ್ಷಿಯಾ ದ್ವೀಪ, ಅಲ್ಲೇ ಸ್ಕೆಲ್ಲಿಗ್ ಬಗ್ಗೆ ಮಾಹಿತಿ ಕೇಂದ್ರ ಇದೆ. ಅಲ್ಲಿಂದ ಬ್ಯಾಲಿನ್‌ಸ್ಕೆಲ್ಲಿಗ್ಸ್‌ಗೆ ಹೋಗಿ. ದ್ವೀಪ ಬಿಟ್ಟ ಸನ್ಯಾಸಿಗಳು ನೆಲೆಸಿದ ಮಠದ ಅವಶೇಷ ಸಮುದ್ರದ ದಡದಲ್ಲೇ ಇದೆ, ಟಿಕೆಟ್ ಗೊಡವೆ ಇಲ್ಲ. ಇನ್ನೊಂದು ದಿನ ಕೈಯಲ್ಲಿದ್ದರೆ ಡಿಂಗಲ್ ಕಡೆ ಕಾರು ತಿರುಗಿಸಿ. ಅಲ್ಲಿನ ಗ್ಯಾಲರಸ್ ಪ್ರಾರ್ಥನಾ ಮಂದಿರ ಸ್ಕೆಲ್ಲಿಗ್ಗಿನ ಕೋಣೆಗಳ ಥರವೇ ಗಾರೆಯಿಲ್ಲದೆ ಕಟ್ಟಿದ್ದು, ಮಗುಚಿದ ದೋಣಿಯ ಆಕಾರ. ಅದರ ಹತ್ತಿರದಲ್ಲೇ ಕಿಲ್ಮಲ್ಕೆಡರ್ ಅನ್ನೋ 12ನೇ ಶತಮಾನದ ಚರ್ಚು ಮಾಡು ಇಲ್ಲದೆ ನಿಂತಿದೆ. ಎರಡನ್ನೂ ಒಂದೇ ಮಧ್ಯಾಹ್ನ ನೋಡಬಹುದು. ಸ್ಕೆಲ್ಲಿಗ್ ದೋಣಿಯವರು ಬೇರೆ ದಿನಕ್ಕೆ ಬದಲಿಸಿ ಕೊಡುತ್ತಾರಾ ಅಥವಾ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಫೋನ್ ಹತ್ತಿರವೇ ಇರಲಿ, ಯಾರಾದರೂ ಬಿಟ್ಟ ಸೀಟು ಸಿಕ್ಕಿದರೆ ಹೊರಡೋಕೆ ಜಾಸ್ತಿ ಹೊತ್ತು ಕೊಡೋದಿಲ್ಲ.